ಅಮೆರಿಕದಲ್ಲಿ ಡ್ರೋನ್ ಹಾರಿಸಲು ಮೊಬೈಲ್‌ನಲ್ಲೇ ಅನುಮತಿ: ಲಾನ್ಸ್ ಅರ್ಜಿ ಹಂತ ಹಂತವಾಗಿ

ಪಾರ್ಕಿಗೆ ಬಂದಾಯ್ತು, ಡ್ರೋನ್‌ನ ತೋಳು ಬಿಚ್ಚಿ ನೆಲದ ಮೇಲಿಟ್ಟಾಯ್ತು. ಆಪ್‌ನಲ್ಲಿ ಅರ್ಜಿ ಹಾಕಿದರೆ ‘ಪೆಂಡಿಂಗ್’ ಅಂತ ಬರುತ್ತಿದೆ. ಈಗೇನು ಮಾಡುವುದು? ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡಿಗ ಗೆಳೆಯರು ಶನಿವಾರ, ಭಾನುವಾರ ನನಗೆ ಫೋನ್ ಮಾಡಿ ಕೇಳುವುದು ಬಹುಪಾಲು ಇದನ್ನೇ. ಆ ಹೊತ್ತಿಗೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಎಡವಟ್ಟು ಆಗಿರುವುದು ಅದಕ್ಕೂ ಮುಂಚೆ. ಮೊದಲು ನಕ್ಷೆ ನೋಡಬೇಕು, ಆಮೇಲೆ ಎತ್ತರ, ಆಮೇಲೆ ಸಮಯ, ಕೊನೆಗೆ ಅರ್ಜಿ. ನಾವು ಅರ್ಜಿಯಿಂದಲೇ ಶುರು ಮಾಡುತ್ತೇವೆ.

ಲಾನ್ಸ್ ಅನ್ನುವುದು ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ನಡೆಸುವ ವ್ಯವಸ್ಥೆ. ವಿಮಾನ ನಿಲ್ದಾಣಗಳ ಸುತ್ತಲಿನ ನಿಯಂತ್ರಿತ ಏರ್‌ಸ್ಪೇಸ್‌ನಲ್ಲಿ ಡ್ರೋನ್ ಹಾರಿಸಲು ಅನುಮತಿ ಕೊಡುವುದು ಇದೇ. ನಿಮ್ಮ ಫೋನಿನ ಆಪ್ ನಿಮ್ಮ ಅರ್ಜಿಯನ್ನು ಅಲ್ಲಿಗೆ ಮುಟ್ಟಿಸಿ ಉತ್ತರ ತರುತ್ತದೆ, ಅಷ್ಟೇ. ಸರಿಯಾಗಿ ತುಂಬಿದ ಅರ್ಜಿಗೆ ಕೆಲವೇ ಸೆಕೆಂಡುಗಳಲ್ಲಿ ಉತ್ತರ ಬರುತ್ತದೆ.

ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ಇಂಟರ್‌ನೆಟ್ ಇರುವ ಸ್ಮಾರ್ಟ್‌ಫೋನ್ ಮತ್ತು ಮೆಸೇಜ್ ಬರುವ ನಂಬರ್. ಡ್ರೋನ್‌ನ ನೋಂದಣಿ. ಟ್ರಸ್ಟ್ (ಹವ್ಯಾಸಕ್ಕೆ ಹಾರಿಸುವವರ ಸುರಕ್ಷತಾ ಪರೀಕ್ಷೆ) ಪ್ರಮಾಣಪತ್ರ ಅಥವಾ ಪಾರ್ಟ್ 107 (ಹವ್ಯಾಸವಲ್ಲದ ಹಾರಾಟಕ್ಕೆ ಎಫ್‌ಎಎಯ ನಿಯಮ) ಲೈಸೆನ್ಸ್, ಎರಡರಲ್ಲಿ ನಿಮಗೆ ಯಾವುದು ಬೇಕೋ ಅದು. ನೋಂದಣಿ ಆಗುವುದು ಎಫ್‌ಎಎಯ ಡ್ರೋನ್‌ಜೋನ್ ತಾಣದಲ್ಲಿ. 5 ಡಾಲರ್ ಶುಲ್ಕ, 3 ವರ್ಷ ನಡೆಯುತ್ತದೆ. ಹವ್ಯಾಸಕ್ಕೆ ಹಾರಿಸುವವರ ಎಲ್ಲ ಡ್ರೋನ್‌ಗಳಿಗೂ ಒಂದೇ ನಂಬರ್ ಸಾಕು. ಪಾರ್ಟ್ 107 ಆದರೆ ಒಂದೊಂದು ಡ್ರೋನ್‌ಗೂ ಬೇರೆ ಬೇರೆ ನೋಂದಣಿ, ಬೇರೆ ಬೇರೆ 5 ಡಾಲರ್.

ಇಲ್ಲೇ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ‘ನನ್ನದು 250 ಗ್ರಾಂಗಿಂತ ಕಡಿಮೆ, ನನಗೆ ಏನೂ ಬೇಡ’ ಅಂತ ಜನ ನಂಬಿಕೊಂಡಿದ್ದಾರೆ. 249 ಗ್ರಾಂ ಡ್ರೋನ್ ಅನ್ನು ಬರೀ ಹವ್ಯಾಸಕ್ಕೆ ಹಾರಿಸುವವರಿಗೆ ನೋಂದಣಿ ಬೇಡ, ಇದು ನಿಜ. ಆದರೆ ಏರ್‌ಸ್ಪೇಸ್ ಅನುಮತಿಗೆ ತೂಕದ ರಿಯಾಯಿತಿ ಇಲ್ಲ. ಟ್ರಸ್ಟ್ ಪರೀಕ್ಷೆಗೂ ಇಲ್ಲ. ರನ್‌ವೇ ಪಕ್ಕದ ಪಾರ್ಕಿನಲ್ಲಿ ಪುಟ್ಟ ಡ್ರೋನ್ ಏರಿಸಿದರೂ ಅನುಮತಿ ಬೇಕೇ ಬೇಕು.

1. ಹವ್ಯಾಸವೋ, ಪಾರ್ಟ್ 107ವೋ? ಮೊದಲು ತೀರ್ಮಾನಿಸಿ

ಆಪ್ ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೊಂದು. ತಪ್ಪು ಆಯ್ಕೆ ಮಾಡಿದರೆ ಸಿಕ್ಕ ಅನುಮತಿಯೂ ನಿಮ್ಮ ಹಾರಾಟಕ್ಕೆ ಸೇರಿದ್ದಾಗುವುದಿಲ್ಲ.

ಸ್ವಂತ ಖುಷಿಗೆ ಮಾತ್ರ ಹಾರಿಸುತ್ತಿದ್ದರೆ ಹವ್ಯಾಸ. ಇದಕ್ಕೆ ಟ್ರಸ್ಟ್ ಪರೀಕ್ಷೆ ಪಾಸಾಗಿರಬೇಕು. ಅದು ಆನ್‌ಲೈನ್‌ನಲ್ಲಿ ಉಚಿತ, ಒಮ್ಮೆ ಮಾಡಿದರೆ ಸಾಕು. ಪ್ರಮಾಣಪತ್ರವನ್ನು ಅವತ್ತೇ ಫೋನಿನಲ್ಲಿ ಉಳಿಸಿಕೊಳ್ಳಿ. ಕಳೆದುಹೋದರೆ ಮತ್ತೆ ಪರೀಕ್ಷೆ ಬರೆಯಬೇಕಾಗುತ್ತದೆ.

ದುಡ್ಡು ತೆಗೆದುಕೊಂಡರೆ ಮಾತ್ರ ಪಾರ್ಟ್ 107 ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ನಿಮ್ಮ ಊರಿನ ಕನ್ನಡ ಕೂಟದ ರಾಜ್ಯೋತ್ಸವ ಪಿಕ್ನಿಕ್‌ನ ವಿಡಿಯೋವನ್ನು ಕೂಟದ ವೆಬ್‌ಸೈಟಿಗಾಗಿ ತೆಗೆದುಕೊಡುತ್ತೀರಿ ಅಂತಿಟ್ಟುಕೊಳ್ಳಿ. ಒಂದು ಪೈಸೆ ಮುಟ್ಟದಿದ್ದರೂ ಅದು ಹವ್ಯಾಸದ ಹಾರಾಟವಲ್ಲ. ಶಾಲೆಯ ವೆಬ್‌ಸೈಟಿಗೆ ಫುಟ್‌ಬಾಲ್ ಪಂದ್ಯದ ಚಿತ್ರ ತೆಗೆಯುವುದು, ಸಂಘಸಂಸ್ಥೆಗೆ ಸ್ವಯಂಸೇವೆ ಮಾಡುವುದು, ಇವನ್ನೆಲ್ಲ ಎಫ್‌ಎಎ ಪಾರ್ಟ್ 107ಕ್ಕೇ ಸೇರಿಸುತ್ತದೆ. ಮಾರಾಟಕ್ಕಿಟ್ಟ ಮನೆಯ ಫೋಟೋ ಗೆಳೆಯನಿಗೆ ತೆಗೆದುಕೊಡುವುದೂ ಅಷ್ಟೇ. ಪಾರ್ಟ್ 107 ಲೈಸೆನ್ಸ್‌ಗೆ ಕನಿಷ್ಠ 16 ವರ್ಷ ಆಗಿರಬೇಕು, ಪರೀಕ್ಷಾ ಕೇಂದ್ರದಲ್ಲಿ ಕೂತು ಪರೀಕ್ಷೆ ಬರೆಯಬೇಕು. ಆಮೇಲೆ ಪ್ರತಿ 24 ತಿಂಗಳಿಗೊಮ್ಮೆ ಉಚಿತ ಆನ್‌ಲೈನ್ ತರಬೇತಿ ಇರುತ್ತದೆ.

ಊರಿನಿಂದ ಬಂದ ಅಪ್ಪ ಅಮ್ಮನ ಮುಂದೆ ಸುಮ್ನೆ ಒಂದು ಸುತ್ತು ಹಾರಿಸಿ ತೋರಿಸಿದರೆ ಅದು ಹವ್ಯಾಸ. ಅನುಮಾನ ಬಂದರೆ ‘ಈ ವಿಡಿಯೋ ನನ್ನ ಖುಷಿ ಬಿಟ್ಟು ಬೇರೆ ಯಾರ ಕೆಲಸಕ್ಕಾದರೂ ಬರುತ್ತದಾ?’ ಅಂತ ಕೇಳಿಕೊಳ್ಳಿ.

2. ಆಪ್ ಆರಿಸಿ, ಮನೆಯಲ್ಲೇ ಸಿದ್ಧ ಮಾಡಿಕೊಳ್ಳಿ

ಎಫ್‌ಎಎ ತಾನೇ ಅರ್ಜಿ ತೆಗೆದುಕೊಳ್ಳುವ ಆಪ್ ನಡೆಸುವುದಿಲ್ಲ. ಖಾಸಗಿ ಕಂಪನಿಗಳಿಗೆ ಒಪ್ಪಿಗೆ ಕೊಟ್ಟಿದೆ. ಅಲಾಫ್ಟ್, ಏರ್‌ಸ್ಪೇಸ್ ಲಿಂಕ್, ಆಟೋಪೈಲಟ್ ಇವು ಚೆನ್ನಾಗಿ ಗೊತ್ತಿರುವ ಹೆಸರುಗಳು. ಈ ಪಟ್ಟಿ ಬದಲಾಗುತ್ತಿರುತ್ತದೆ. ಒಂದು ಕಾಲದಲ್ಲಿ ತುಂಬಾ ಜನ ಬಳಸುತ್ತಿದ್ದ ಏರ್‌ಮ್ಯಾಪ್ ಈಗ ಇಲ್ಲ. ಹಾಗಾಗಿ ಹಳೆಯ ಯೂಟ್ಯೂಬ್ ವಿಡಿಯೋ ನೋಡಿ ಆಪ್ ಹಾಕಿಕೊಳ್ಳಬೇಡಿ. ಎಫ್‌ಎಎ ತಾಣದಲ್ಲಿ ಒಪ್ಪಿಗೆ ಪಡೆದ ಕಂಪನಿಗಳ ಪಟ್ಟಿ ಇದೆ, ಅದನ್ನು ನೋಡಿ ಆರಿಸಿ.

‘ಬಿಫೋರ್ ಯು ಫ್ಲೈ’ ಅನ್ನುವ ಸೇವೆಯನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಇಲ್ಲಿ ಹಾರಿಸಬಹುದೋ ಇಲ್ಲವೋ ಅಂತ ತಿಳಿಸುವುದಷ್ಟೇ ಅದರ ಕೆಲಸ. ನಕ್ಷೆ ನೋಡಿದ್ದನ್ನೇ ಅನುಮತಿ ಅಂದುಕೊಂಡು ಹಾರಿಸಿದವರನ್ನು ನಾನು ನೋಡಿದ್ದೇನೆ.

ಖಾತೆ ತೆರೆದು ಹೆಸರು, ಫೋನ್ ನಂಬರ್, ಡ್ರೋನ್ ವಿವರ ಎಲ್ಲವನ್ನೂ ಮನೆಯಲ್ಲೇ ತುಂಬಿ. ಲೊಕೇಶನ್ ಮತ್ತು ನೋಟಿಫಿಕೇಶನ್ ಎರಡಕ್ಕೂ ಒಪ್ಪಿಗೆ ಕೊಡಿ. ನೋಟಿಫಿಕೇಶನ್ ಯಾಕೆ ಮುಖ್ಯ ಅನ್ನುವುದು ಎಂಟನೇ ಹಂತದಲ್ಲಿ ಗೊತ್ತಾಗುತ್ತದೆ.

3. ನಕ್ಷೆಯಲ್ಲಿ ಚೌಕ ಓದಿ

ಹಿಂದಿನ ರಾತ್ರಿಯೇ ಆಪ್ ತೆರೆದು, ನೀವು ಹೋಗುವ ಜಾಗದ ಮೇಲೆ ಪಿನ್ ಇಡಿ. ಮೂರರಲ್ಲಿ ಒಂದು ಉತ್ತರ ಸಿಗುತ್ತದೆ.

ಅನುಮತಿ ಬೇಡ ಅಂತ ಬಂದರೆ ಅದು ನಿಯಂತ್ರಣವಿಲ್ಲದ ಜಿ ವರ್ಗದ ಏರ್‌ಸ್ಪೇಸ್. ಅಲ್ಲಿ ಲಾನ್ಸ್ ಅರ್ಜಿಯೇ ಬೇಕಿಲ್ಲ. ನೆಲದಿಂದ 400 ಅಡಿಯ ಮಿತಿ ಮಾತ್ರ ಅಲ್ಲೂ ಇದೆ.

ಬಣ್ಣದ ಚೌಕಗಳು, ಅದರೊಳಗೆ ಸಂಖ್ಯೆ ಕಂಡರೆ ಅದು ಬಿ, ಸಿ, ಡಿ ಅಥವಾ ನೆಲದಿಂದಲೇ ಶುರುವಾಗುವ ಇ ವರ್ಗದ ಏರ್‌ಸ್ಪೇಸ್. ಚೌಕದೊಳಗಿನ 50, 100, 200, 400 ಇಂಥ ಸಂಖ್ಯೆಗಳು ಅಲ್ಲಿ ತಾನಾಗಿ ಅನುಮತಿ ಸಿಗುವ ಗರಿಷ್ಠ ಎತ್ತರ, ಅಡಿಗಳಲ್ಲಿ. ರನ್‌ವೇಗೆ ಹತ್ತಿರವಾದಷ್ಟೂ ಸಂಖ್ಯೆ ಇಳಿಯುತ್ತದೆ. ಸೊನ್ನೆ ಇದ್ದರೆ ಅಲ್ಲಿ ತಾನಾಗಿ ಅನುಮತಿ ಸಿಗುವುದಿಲ್ಲ.

ಸನ್ನಿವೇಲ್, ಮೌಂಟನ್ ವ್ಯೂ, ಸಾಂಟಾ ಕ್ಲಾರಾ ಕಡೆ ಇರುವವರು ಇದನ್ನು ಜಾಸ್ತಿ ಗಮನಿಸಬೇಕು. ಸಾನ್ ಹೋಸೆ ವಿಮಾನ ನಿಲ್ದಾಣದ್ದು ಸಿ ವರ್ಗ. ಮಾಫೆಟ್ ಫೀಲ್ಡ್, ಪಾಲೊ ಆಲ್ಟೊ, ರೀಡ್ ಹಿಲ್‌ವ್ಯೂ ಮೂರದ್ದೂ ಡಿ ವರ್ಗ. ಇವೆಲ್ಲ ಅಕ್ಕಪಕ್ಕದಲ್ಲೇ ಇವೆ. ಒಂದೇ ರಸ್ತೆಯ ಈ ತುದಿಗೂ ಆ ತುದಿಗೂ ಉತ್ತರ ಬೇರೆಯಾಗಬಹುದು. ‘ಪಕ್ಕದ ಮನೆಯವರು ಹಾರಿಸುತ್ತಾರೆ’ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಕೆಲವರು ಪೈಲಟ್‌ಗಳ ದೊಡ್ಡ ನಕ್ಷೆಯಲ್ಲಿ ಸಾನ್ ಫ್ರಾನ್ಸಿಸ್ಕೊ ಸುತ್ತಲಿನ ನೀಲಿ ವೃತ್ತಗಳನ್ನು ನೋಡಿ ಹೆದರುತ್ತಾರೆ. ಆ ವೃತ್ತಗಳ ಹೊರಪದರಗಳು ಸಾವಿರಾರು ಅಡಿ ಮೇಲೆ ಶುರುವಾಗುತ್ತವೆ. ಅವುಗಳ ಕೆಳಗೆ ಹಾರುವ ಡ್ರೋನ್‌ಗೆ ಆ ಪದರದ ಅನುಮತಿ ಬೇಡ. ನಿಯಂತ್ರಿತ ಏರ್‌ಸ್ಪೇಸ್ ನೆಲದವರೆಗೆ ಇಳಿದಿರುವ ಕಡೆ ಮಾತ್ರ ನಿಮಗೆ ಅರ್ಜಿಯ ಕೆಲಸ.

4. ಹಾರುವ ಜಾಗವನ್ನು ಚಿಕ್ಕದಾಗಿ ಗುರುತಿಸಿ

ಆಪ್‌ನಲ್ಲಿ ಒಂದು ವೃತ್ತ ಎಳೆಯಬಹುದು, ಇಲ್ಲವೇ ಬಿಂದುಗಳನ್ನು ಸೇರಿಸಿ ಆಕಾರ ಬರೆಯಬಹುದು. ‘ಇರಲಿ ಒಂದಷ್ಟು ಜಾಸ್ತಿ’ ಅಂತ ದೊಡ್ಡ ವೃತ್ತ ಎಳೆಯುವುದೇ ಎಲ್ಲರೂ ಮಾಡುವ ತಪ್ಪು. ವೃತ್ತದ ಅಂಚು ಪಕ್ಕದ ಚೌಕವನ್ನು ಸ್ವಲ್ಪ ಮುಟ್ಟಿದರೂ ಎರಡರಲ್ಲಿ ಕಡಿಮೆ ಇರುವ ಎತ್ತರವೇ ನಿಮ್ಮ ಮಿತಿಯಾಗುತ್ತದೆ. ನೀವು ನಿಂತಿರುವುದು 200ರ ಚೌಕ, ಅಂಚು ತಗುಲಿದ್ದು 50ರ ಚೌಕ ಅಂದರೆ ಸಿಗುವುದು 50 ಅಡಿ. ತಗುಲಿದ್ದು ಸೊನ್ನೆಯ ಚೌಕವಾದರೆ ತಾನಾಗಿ ಸಿಗುವ ಅನುಮತಿ ಹೋದಂತೆಯೇ.

ಪಾರ್ಕಿನ ಆಕಾರವನ್ನೇ ಬರೆಯಿರಿ. ಡ್ರೋನ್ ನಿಮ್ಮ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಬೇಕು ಅನ್ನುವ ನಿಯಮ ಹೇಗೂ ಇದೆ, ಅದಕ್ಕಿಂತ ದೊಡ್ಡ ಜಾಗ ಕೇಳಿ ಏನು ಪ್ರಯೋಜನ?

5. ಎತ್ತರ ತುಂಬುವಾಗ ನಿಧಾನಿಸಿ

ಅತಿ ಹೆಚ್ಚು ಅರ್ಜಿಗಳು ಕೆಡುವುದು ಇಲ್ಲೇ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯದು, ಚೌಕದ ಸಂಖ್ಯೆಗಿಂತ ಜಾಸ್ತಿ ಕೇಳುವುದು. ನನ್ನ ಗೆಳೆಯರೊಬ್ಬರ ಬಳಿ ಪಾರ್ಟ್ 107 ಲೈಸೆನ್ಸ್ ಇದೆ. ಅಣ್ಣನ ಮಗುವಿನ ನಾಮಕರಣದ ದಿನ ಪಾರ್ಕಿನಲ್ಲಿ ನಿಂತು 200 ಅಡಿಗೆ ಅರ್ಜಿ ಹಾಕಿದರು. ಆ ಚೌಕದ ಮಿತಿ 100 ಅಡಿ. ಅರ್ಜಿ ತಿರಸ್ಕಾರವಾಗಲಿಲ್ಲ, ‘ಪೆಂಡಿಂಗ್’ ಅಂತ ನಿಂತಿತು. ಅರ್ಧ ಗಂಟೆ ಕಾದರು, ಬಾಳೆಎಲೆ ಹಾಸಿ ಎಲ್ಲರೂ ಊಟಕ್ಕೆ ಕೂತರು, ಡ್ರೋನ್ ಮೇಲೇಳಲಿಲ್ಲ. ಮಿತಿಗಿಂತ ಮೇಲಿನ ಎತ್ತರ ಕೇಳಿದರೆ ಅರ್ಜಿ ಕಂಪ್ಯೂಟರ್‌ನಿಂದ ಮನುಷ್ಯರ ಕೈಗೆ ಹೋಗುತ್ತದೆ. ಅವರು ನೋಡಿ ಉತ್ತರ ಕೊಡಬೇಕು. ಈ ದಾರಿ ಪಾರ್ಟ್ 107 ಇರುವವರಿಗೆ ಮಾತ್ರ, ಅದೂ 400 ಅಡಿಯವರೆಗೆ. ಹಾರಾಟದ 90 ದಿನ ಮುಂಚೆಯೇ ಹಾಕಬಹುದು. ಬೇಕೇ ಬೇಕು ಅನ್ನುವವರು ವಾರಗಳ ಮುಂಚೆ ಹಾಕಿ, ಅವತ್ತೇ ಹಾಕಬೇಡಿ. ಅವರು 100 ಅಡಿ ಕೇಳಿದ್ದರೆ ಆಗಲೇ ಸಿಕ್ಕಿಬಿಡುತ್ತಿತ್ತು. ನೂರು ಅಡಿ ಅಂದರೆ ಸುಮಾರು ಹತ್ತು ಮಹಡಿಯ ಎತ್ತರ, ಒಂದು ಮನೆಯ ಸಮಾರಂಭಕ್ಕೆ ಧಾರಾಳ ಸಾಕು.

ಎರಡನೆಯದು, ಅಡಿ ಮತ್ತು ಮೀಟರ್. ಭಾರತದಲ್ಲಿ ಓದಿದ ನಮಗೆ ಮೀಟರ್ ಅಭ್ಯಾಸ, ಡ್ರೋನ್‌ನ ಸೆಟ್ಟಿಂಗ್‌ನಲ್ಲೂ ಮೀಟರ್ ಇಟ್ಟಿರುತ್ತೇವೆ. ಲಾನ್ಸ್ ಮಾತಾಡುವುದು ಅಡಿಯಲ್ಲಿ. 100 ಅಡಿಗೆ ಅನುಮತಿ ಪಡೆದು, ಪರದೆಯಲ್ಲಿ 100 ಅಂತ ತೋರಿಸುವವರೆಗೆ ಏರಿಸಿದರೆ ನೀವು ಇರುವುದು 328 ಅಡಿಯಲ್ಲಿ! ಡ್ರೋನ್ ಆಪ್‌ನ ಅಳತೆಯನ್ನು ಇವತ್ತೇ ಅಡಿಗೆ ಬದಲಿಸಿ. ಅಲ್ಲೇ ಗರಿಷ್ಠ ಎತ್ತರದ ಮಿತಿಯನ್ನೂ ಅನುಮತಿಯಷ್ಟಕ್ಕೇ ಕಟ್ಟಿಹಾಕಿ.

ಮೂರನೆಯದು ಇಳಿಜಾರು. ಅನುಮತಿಯ ಎತ್ತರ ಡ್ರೋನ್‌ನ ಕೆಳಗಿನ ನೆಲದಿಂದ ಲೆಕ್ಕ. ನಿಮ್ಮ ಪರದೆ ತೋರಿಸುವುದು ಹಾರಿಸಿದ ಜಾಗದಿಂದ. ನೂರು ಅಡಿ ಎತ್ತರದ ದಿಬ್ಬದ ಮೇಲೆ ನಿಂತು ಡ್ರೋನ್ ಅನ್ನು ಕಣಿವೆಯ ಕಡೆ ಕಳಿಸಿದರೆ ಪರದೆಯಲ್ಲಿ 90 ಇರುತ್ತದೆ, ಆದರೆ ನೆಲದಿಂದ ಅದು 190 ಅಡಿ ಮೇಲಿರುತ್ತದೆ. ದಿಬ್ಬದಿಂದ ಹಾರಿಸುವಾಗ ಆ ವ್ಯತ್ಯಾಸ ಕಳೆದು ಲೆಕ್ಕ ಹಾಕಿ.

6. ಸಮಯ ತುಂಬಿ

ಶುರು ಮತ್ತು ಕೊನೆಯ ಸಮಯ ಎರಡೂ ಕೇಳುತ್ತದೆ. ನೆಂಟರು ತಡವಾಗಿ ಬರುತ್ತಾರೆ ಅನ್ನುವುದನ್ನೂ ಸೇರಿಸಿ ಕೊಂಚ ಬಿಡುವಾಗಿ ಕೇಳಿ. ಕೊನೆಯ ಸಮಯ ಮುಗಿದ ಮೇಲೆ ಒಂದು ನಿಮಿಷ ಹಾರಿಸಿದರೂ ಅದು ಅನುಮತಿ ಇಲ್ಲದ ಹಾರಾಟ. ತಾರೀಕು ಸರಿ ಇದೆಯಾ, ಬೆಳಿಗ್ಗೆಯೋ ಸಂಜೆಯೋ ಅಂತ ಇನ್ನೊಮ್ಮೆ ನೋಡಿ.

7. ತಾತ್ಕಾಲಿಕ ನಿರ್ಬಂಧ ಇದೆಯಾ ನೋಡಿ

ಲಾನ್ಸ್ ಅನುಮತಿ ಸಿಕ್ಕಿದ್ದರೂ ತಾತ್ಕಾಲಿಕ ನಿರ್ಬಂಧ ಇರುವ ಕಡೆ ಹಾರಿಸುವಂತಿಲ್ಲ. ಇದು ಆ ಅನುಮತಿಗಿಂತ ಮೇಲಿನದು.

ಸಾಂಟಾ ಕ್ಲಾರಾದ ಲೀವೈಸ್ ಸ್ಟೇಡಿಯಂ ಹತ್ತಿರ ಇರುವವರಿಗೆ ಇದು ಪ್ರತಿ ವರ್ಷದ ಮಾತು. 30,000 ಅಥವಾ ಅದಕ್ಕಿಂತ ಹೆಚ್ಚು ಜನ ಕೂರುವ ಸ್ಟೇಡಿಯಂನಲ್ಲಿ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಪಂದ್ಯ ಇದ್ದರೆ, ಸುತ್ತ 3 ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿಲೋಮೀಟರ್ ಒಳಗೆ ಡ್ರೋನ್ ಏರಿಸುವಂತಿಲ್ಲ. ಪಂದ್ಯ ಶುರುವಾಗುವ ಒಂದು ಗಂಟೆ ಮುಂಚೆಯಿಂದ ಮುಗಿದ ಒಂದು ಗಂಟೆಯ ತನಕ ಇದು ಜಾರಿಯಲ್ಲಿರುತ್ತದೆ. ಭಾನುವಾರ ಮಧ್ಯಾಹ್ನ ಮನೆಯ ಹಿತ್ತಲಲ್ಲಿ ಹಾರಿಸುವ ಮುಂಚೆ ಪಂದ್ಯದ ವೇಳಾಪಟ್ಟಿಯನ್ನೂ ನೋಡಿಕೊಳ್ಳಿ.

ಕಾಳ್ಗಿಚ್ಚಿನ ಕಾಲದಲ್ಲಿ ಇನ್ನೂ ಎಚ್ಚರ ಬೇಕು. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಪ್ಯಾಲಿಸೇಡ್ಸ್ ಬೆಂಕಿಯ ಮೇಲೆ ನೀರು ಸುರಿಯುತ್ತಿದ್ದ ಸೂಪರ್ ಸ್ಕೂಪರ್ ವಿಮಾನಕ್ಕೆ ಒಂದು ಡ್ರೋನ್ ಬಡಿದು ರೆಕ್ಕೆಯಲ್ಲಿ ತೂತಾಯಿತು. ಊರು ಉರಿಯುತ್ತಿರುವಾಗ ಆ ವಿಮಾನ ರಿಪೇರಿಗೆ ನಿಲ್ಲಬೇಕಾಯಿತು. ಹೊಗೆ ಕಂಡ ಕಡೆ ಡ್ರೋನ್ ಚೀಲದಿಂದ ಹೊರಗೇ ತೆಗೆಯಬೇಡಿ, ಆಪ್ ಏನೇ ಹೇಳಲಿ.

ನಿರ್ಬಂಧಗಳು ಇದ್ದಕ್ಕಿದ್ದಂತೆ ಬರುತ್ತವೆ. ರಾತ್ರಿ ನೋಡಿದ್ದು ಸಾಲದು, ಹಾರಿಸುವ ಐದು ನಿಮಿಷ ಮುಂಚೆ ಮತ್ತೊಮ್ಮೆ ನೋಡಿ.

8. ಅರ್ಜಿ ಕಳಿಸಿ, ಉತ್ತರವನ್ನು ಪೂರ್ತಿ ಓದಿ

ಕಳಿಸುವ ಗುಂಡಿ ಒತ್ತುವ ಮುಂಚೆ ಜಾಗ, ಎತ್ತರ, ಸಮಯ, ಹಾರಾಟದ ಬಗೆ ಈ ನಾಲ್ಕನ್ನೂ ಒಮ್ಮೆ ಬಾಯಿಬಿಟ್ಟು ಓದಿಕೊಳ್ಳಿ. ನಾನು ಈಗಲೂ ಹಾಗೇ ಮಾಡುತ್ತೇನೆ.

‘ಅಪ್ರೂವ್ಡ್’ ಅಂತ ಬಂದರೆ ಜೊತೆಗೆ ಒಂದು ಉಲ್ಲೇಖ ಸಂಖ್ಯೆ ಇರುತ್ತದೆ. ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಮೈದಾನದಲ್ಲಿ ಸಿಗ್ನಲ್ ಇಲ್ಲದಿದ್ದಾಗ ಪೊಲೀಸರು ಬಂದು ಕೇಳಿದರೆ ತೋರಿಸಲು ಬೇಕಾಗುತ್ತದೆ. ಕೊಟ್ಟಿರುವ ಎತ್ತರ ನೀವು ಕೇಳಿದಷ್ಟೇ ಇದೆಯಾ ಅಂತಲೂ ನೋಡಿ.

‘ಪೆಂಡಿಂಗ್’ ಅಂದರೆ ಅನುಮತಿ ಇಲ್ಲ ಅಂತಲೇ ಅರ್ಥ. ಸಮಯ ಬಂತು ಅಂತ ಹಾರಿಸಬೇಡಿ. ಅದನ್ನು ರದ್ದು ಮಾಡಿ, ಚೌಕದ ಮಿತಿಯೊಳಗಿನ ಎತ್ತರಕ್ಕೆ ಹೊಸ ಅರ್ಜಿ ಹಾಕಿದರೆ ಹೆಚ್ಚಿನ ಸಲ ಅಲ್ಲೇ ಕೆಲಸ ಆಗುತ್ತದೆ.

‘ರಿಸೈಂಡೆಡ್’ ಅನ್ನುವ ಪದವನ್ನು ನೆನಪಿಟ್ಟುಕೊಳ್ಳಿ. ಕೊಟ್ಟ ಅನುಮತಿಯನ್ನು ವಿಮಾನ ಸಂಚಾರ ನಿಯಂತ್ರಕರು ವಾಪಸ್ ತೆಗೆದುಕೊಂಡರೆ ಫೋನಿಗೆ ಈ ಸಂದೇಶ ಬರುತ್ತದೆ. ಆಗ ಡ್ರೋನ್ ಗಾಳಿಯಲ್ಲಿದ್ದರೆ ಕೂಡಲೇ ಇಳಿಸಬೇಕು, ಸಂದೇಶ ನೋಡಿದೆ ಅಂತ ಆಪ್‌ನಲ್ಲಿ ಒಪ್ಪಬೇಕು. ನೋಟಿಫಿಕೇಶನ್ ಬಂದ್ ಮಾಡಬೇಡಿ ಅಂದದ್ದು ಇದಕ್ಕೇ. ಡ್ರೋನ್ ಹಾರಿಸುವಾಗ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕುವ ಅಭ್ಯಾಸ ಕೆಲವರಿಗಿದೆ, ನಿಯಂತ್ರಿತ ಏರ್‌ಸ್ಪೇಸ್‌ನಲ್ಲಿ ಅದನ್ನು ಬಿಡಿ.

ಲಾನ್ಸ್ ಮೂಲಕ ಅನುಮತಿ ಸಿಕ್ಕ ಮೇಲೆ ವಿಮಾನ ನಿಲ್ದಾಣದ ಟವರ್‌ಗೆ ಫೋನ್ ಮಾಡುವ ಅಗತ್ಯವಿಲ್ಲ. ಅರ್ಜಿಯ ವಿವರ ಅವರಿಗೆ ತಲುಪುವ ವ್ಯವಸ್ಥೆ ಇದೆ.

9. ಹಾರಿಸುವ ಮುಂಚೆ ಕಡೆಯ ಎರಡು ಮಾತು

‘ಡ್ರೋನ್ ತಾನಾಗೇ ತಡೆಯುತ್ತದಲ್ಲ, ತಡೆಯದಿದ್ದರೆ ಹಾರಿಸಬಹುದು ಅಂತ ತಾನೇ?’ ಎಂದು ಕೇಳುತ್ತಾರೆ. ಮೊದಲು ಡಿಜೆಐ ಡ್ರೋನ್‌ಗಳು ವಿಮಾನ ನಿಲ್ದಾಣದ ಹತ್ತಿರ ಮೇಲೇಳುತ್ತಲೇ ಇರಲಿಲ್ಲ. 2025ರ ಜನವರಿಯಲ್ಲಿ ಡಿಜೆಐ ಅಮೆರಿಕದಲ್ಲಿ ಆ ತಡೆಯನ್ನು ತೆಗೆದು, ಬರೀ ಎಚ್ಚರಿಕೆ ತೋರಿಸುವಂತೆ ಬದಲಿಸಿತು. ಈಗ ಡ್ರೋನ್ ಏರಿತು ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ತಪ್ಪಿದರೆ ಒಂದೊಂದು ಉಲ್ಲಂಘನೆಗೆ 75,000 ಡಾಲರ್‌ವರೆಗೆ ದಂಡ ಹಾಕಲು 2024ರ ಕಾನೂನಿನಲ್ಲಿ ಅವಕಾಶ ಇದೆ.

ಇನ್ನೊಂದು, ಲಾನ್ಸ್ ಕೊಡುವುದು ಗಾಳಿಯ ಅನುಮತಿ. ನೆಲದ್ದು ಬೇರೆ. ನ್ಯಾಷನಲ್ ಪಾರ್ಕ್‌ಗಳಲ್ಲಿ 2014ರಿಂದ ಡ್ರೋನ್ ಏರಿಸುವುದು, ಇಳಿಸುವುದು ನಿಷೇಧ, ಯೊಸೆಮಿಟಿಗೆ ಚೀಲದಲ್ಲಿ ಒಯ್ದು ಪ್ರಯೋಜನವಿಲ್ಲ. ಊರಿನ ಪಾರ್ಕ್‌ಗಳಿಗೂ ತಮ್ಮದೇ ನಿಯಮ ಇರುತ್ತವೆ, ಗೇಟಿನ ಬೋರ್ಡ್ ಓದಿ.

ಊರಿಗೆ ಹೋಗುವಾಗ

ಲಾನ್ಸ್ ನಡೆಯುವುದು ಅಮೆರಿಕದಲ್ಲಿ ಮಾತ್ರ. ಮೈಸೂರು, ಹಂಪಿಯ ಚಿತ್ರ ತೆಗೆಯೋಣ ಅಂತ ಸೂಟ್‌ಕೇಸಿನಲ್ಲಿ ಡ್ರೋನ್ ಇಟ್ಟುಕೊಂಡು ಹೋಗಬೇಡಿ. 2022ರ ಫೆಬ್ರುವರಿಯಿಂದ ಭಾರತಕ್ಕೆ ಡ್ರೋನ್ ಆಮದು ನಿಷೇಧವಿದೆ. ಸಂಶೋಧನೆ, ರಕ್ಷಣೆ, ಭದ್ರತೆಯಂಥ ಕೆಲಸಕ್ಕೆ ಮಾತ್ರ ವಿನಾಯಿತಿ. ಅಲ್ಲಿ ಕೊಂಡ ಡ್ರೋನ್ ಹಾರಿಸುವುದಾದರೆ ಭಾರತ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಹಸಿರೋ, ಹಳದಿಯೋ, ಕೆಂಪೋ ಅಂತ ಮೊದಲು ನೋಡಬೇಕು.

ಅನುಮತಿ ಸಿಗದೇ ಹೋದರೆ

ಸೊನ್ನೆಯ ಚೌಕವಾದರೆ ಎತ್ತರ ಬದಲಿಸಿ ಮತ್ತೆ ಮತ್ತೆ ಒತ್ತುವುದರಿಂದ ಏನೂ ಆಗದು. ಪಾರ್ಟ್ 107 ಇರುವವರು ಮನುಷ್ಯರು ನೋಡುವ ಅರ್ಜಿ ಹಾಕಬಹುದು, ಬೇಗ ಸಿಗುತ್ತದೆ ಅಂತ ನಂಬಿ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಲಾನ್ಸ್ ಇಲ್ಲದ ನಿಲ್ದಾಣದ ಹತ್ತಿರವಾದರೆ ಡ್ರೋನ್‌ಜೋನ್ ತಾಣದಲ್ಲಿ ಅರ್ಜಿ ಹಾಕಬೇಕು, ಅದಕ್ಕೂ ವಾರಗಟ್ಟಲೆ ಹಿಡಿಯಬಹುದು.

ಹವ್ಯಾಸಕ್ಕೆ ಹಾರಿಸುವವರಿಗೆ ನಾನು ಹೇಳುವುದು ಜಾಗ ಬದಲಿಸಿ ಅಂತ. ಒಂದು ಚೌಕದ ಅಗಲ ಸುಮಾರು ಒಂದು ಮೈಲಿ, ಕಾರಿನಲ್ಲಿ ಮೂರು ನಾಲ್ಕು ನಿಮಿಷ. ನಕ್ಷೆಯನ್ನು ರನ್‌ವೇಯಿಂದ ದೂರದ ಕಡೆಗೆ ಸರಿಸುತ್ತಾ ಹೋಗಿ. ಸೊನ್ನೆ ಐವತ್ತಾಗುತ್ತದೆ, ಐವತ್ತು ನೂರಾಗುತ್ತದೆ. ಅಲ್ಲೊಂದು ಮೈದಾನ ಸಿಕ್ಕರೆ ಪಿನ್ ಇಟ್ಟು, ಮೂರನೇ ಹಂತದಿಂದ ಮತ್ತೆ ಶುರು ಮಾಡಿ.